ಸೊನ್ನೆಗೆ ಕೂತವಳು

ಸೋಮನಕಟ್ಟಿಯಲ್ಲಿ ಯಾರಿಗೂ ದಣಿವಾಗುತ್ತಿರಲಿಲ್ಲ. ಆಗಿದ್ದರೆ ಪಟ್ಟಿ ಹೇಳುತ್ತಿತ್ತಲ್ಲ.

ಪಟ್ಟಿ ಎಂದರೆ ಮಣಿಕಟ್ಟಿಗೆ ಬಿಗಿಯುವ, ಎರಡು ಬೆರಳಗಲದ ಕಪ್ಪು ರಬ್ಬರಿನ ಪಟ್ಟಿ. ಬೆವರಿನ ಉಪ್ಪು, ಚರ್ಮದಲ್ಲಿ ಹಾಯುವ ಸಣ್ಣ ಕರೆಂಟು, ನಾಡಿಯ ಏರಿಳಿತ, ಈ ಮೂರನ್ನೂ ಅಳೆದು ಅದು ಕಟ್ಟಿಕೊಂಡವರ ದಣಿವನ್ನು ಸೊನ್ನೆಯಿಂದ ನೂರರೊಳಗಿನ ಒಂದು ಅಂಕಿಯಾಗಿ ತೋರಿಸುತ್ತಿತ್ತು. ಅರವತ್ತರ ಒಳಗಿದ್ದರೆ ಹಸಿರು, ದಾಟಿದರೆ ಕೆಂಪು. ಊರಿಗೆ ಅನ್ನ ಹಾಕುತ್ತಿದ್ದ ಸಿಮೆಂಟ್ ಕಾರ್ಖಾನೆಯವರು ಇದನ್ನು ತಂದಾಗ ಎಲ್ಲರೂ ಹೊಗಳಿದವರೇ. ಇನ್ನು ಸೂಪರ್‌ವೈಸರ್ ಮುಂದೆ ಹಲ್ಲುಗಿಂಜಿ ರಜೆ ಕೇಳಬೇಕಾಗಿಲ್ಲ, ದಣಿದವರನ್ನು ಯಂತ್ರವೇ ಗುರುತಿಸುತ್ತದೆ ಎಂದರು. ಪ್ಯಾಕಿಂಗ್ ವಿಭಾಗದ ಅಷ್ಟೂ ಪಟ್ಟಿಗಳ ಅಂಕಿ ಕಂಟ್ರೋಲ್ ರೂಮಿಗೆ ಹೋಗುತ್ತಿತ್ತು. ಅಲ್ಲಿನ ಕಂಟ್ರೋಲರ್ ಯಂತ್ರ ಸರಾಸರಿ ತೆಗೆದು, ಅದು ಅರವತ್ತಕ್ಕಿಂತ ಕೆಳಗಿದ್ದರೆ ಚೀಲ ಸಾಗಿಸುವ ಬೆಲ್ಟಿನ ವೇಗ ಏರಿಸುತ್ತಿತ್ತು, ಮೇಲಿದ್ದರೆ ಇಳಿಸುತ್ತಿತ್ತು. ಮನುಷ್ಯರು ಬೈದು ದುಡಿಸುತ್ತಿದ್ದ ಕಾಲ ಹೋಯಿತು. ಯಾರನ್ನು ತಿರುಗಿ ಬೈಯಬೇಕೆಂದೇ ತಿಳಿಯದ ಕಾಲ ಬಂತು.

ಬರಬರುತ್ತ ಊರಿನ ಮಾತೇ ಬದಲಾಯಿತು. "ಸಾಕಾತು" ಅನ್ನುವುದನ್ನು ಜನ ಬಿಟ್ಟರು. ದಣಿದೀಯೇನು ಎಂದು ಹೆಂಡತಿಯನ್ನು ಕೇಳುವ ಬದಲು ಗಂಡ ಅವಳ ಮಣಿಕಟ್ಟು ನೋಡಿದ. ಮೈಕೈ ನೋವು ಅಂತ ಹೋದರೆ ಡಾಕ್ಟರೂ ಮೊದಲು ಪಟ್ಟಿಯನ್ನೇ ನೋಡಿದರು. ಪಟ್ಟಿ ಹಸಿರಿದ್ದೂ ಕಣ್ಣೆಳೆಯುತ್ತಿದ್ದರೆ, ಕೈಕಾಲು ಸೋತುಬರುತ್ತಿದ್ದರೆ, ತಪ್ಪು ತಮ್ಮ ಮೈಯದೇ ಎಂದು ಜನ ನಂಬಿದರು. ಬೆಲ್ಟು ಕೆಲವು ವರ್ಷಗಳಿಂದ ಪೂರ್ತಿ ವೇಗದಲ್ಲೇ ಓಡುತ್ತಿತ್ತು. ನಮ್ಮ ಜನ ಗಟ್ಟಿಮುಟ್ಟಾಗಿದ್ದಾರೆ ಎಂದು ಕಾರ್ಖಾನೆಯವರು ಸಂತೋಷಪಟ್ಟು ಗೇಟಿನಲ್ಲಿ ಲಾಡು ಹಂಚಿದ್ದೂ ಉಂಟು.

ಹಾಗೆ ನಂಬಿದವರಲ್ಲಿ ಮಹಾನಂದಾ ಒಬ್ಬಳು. ಪ್ಯಾಕಿಂಗ್ ವಿಭಾಗದಲ್ಲಿ, ಸಿಮೆಂಟು ಸುರಿಯುವ ಕೊಳವೆಯ ಬಾಯಿಗೆ ಖಾಲಿ ಚೀಲ ಸಿಕ್ಕಿಸುವ ಕೆಲಸ ಅವಳದು. ಅಪ್ಪ ಹೋದ ಮೇಲೆ ಕಾಯಿಲೆಯ ಅವ್ವನನ್ನೂ ತಂಗಿ ನೀಲಗಂಗಾಳನ್ನೂ ಅವಳೇ ಸಾಕಿದವಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ ನಕ್ಕು ತಳ್ಳಿಹಾಕಿದವಳು.

ಹೋದ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಅವತ್ತು ಮಧ್ಯಾಹ್ನ ಮಹಾನಂದಾ ಪಾಳಿ ಮುಗಿಸಿ ಬಂದು, ಅವ್ವನಿಗೆ ಗಂಜಿ ಕುಡಿಸಿ, ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಉಸಿರು ಸಿಕ್ಕಿಕೊಂಡರೆ ಬೆನ್ನು ನೀವಿ ಎಬ್ಬಿಸಿ ಕೂರಿಸಬೇಕು ಎಂದು ಡಾಕ್ಟರು ಹೇಳಿದ್ದರು. ಕಾಲೇಜು ಮುಗಿಸಿ ಬಂದ ನೀಲಗಂಗಾ ಬಾಗಿಲು ತೆರೆದಾಗ, ಅಕ್ಕ ಅವ್ವನ ಕಾಲಿನ ಮೇಲೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದಳು. ಅವ್ವ ಹೋಗಿಬಿಟ್ಟಿದ್ದಳು. ಜನ ಕೂಡಿದರು. ಸೋದರತ್ತಿ ಬಂದು ಮಹಾನಂದಾಳ ಕೈ ಹಿಡಿದಳು, ಹಿಡಿದ ಕೈಯಲ್ಲಿ ಪಟ್ಟಿ ಕಂಡಿತು.

"ನಲವತ್ತೂ ಇಲ್ಲ ಇದರಾಗ, ಹಸರ ಐತಿ," ಎಂದಳು ಸೋದರತ್ತಿ. "ದಣಿವಿಲ್ಲ, ಏನಿಲ್ಲ. ಹೆತ್ತಾಕಿ ಸಾಯಾಕತ್ತಾಗ ಇಕಿಗೆ ನಿದ್ದಿ ಹೆಂಗ ಬಂತವಾ?"

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಕಂಡದ್ದನ್ನು ಓದಿದಳು ಅಷ್ಟೆ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ, ಮಹಾನಂದಾ ಮರೆಯಲೂ ಇಲ್ಲ. ಊಟಕ್ಕೆ ಕೂತಾಗ ರೊಟ್ಟಿ ಮುರಿದು ಹಿಡಿದ ಕೈ ಹಾಗೆಯೇ ನಿಂತು ತೂಕಡಿಸುತ್ತಿದ್ದಳು. ನೀಲಗಂಗಾ ಭುಜ ಮುಟ್ಟಿದರೆ ತಟ್ಟನೆ ಎಚ್ಚೆತ್ತು ಮಣಿಕಟ್ಟು ನೋಡಿಕೊಂಡು, "ನನ್ನ ಜೀವನ ಹಿಂಗ ನೋಡು. ಮೈಗಳ್ಳ ಜೀವ. ಅವ್ವನ್ನೂ ಹಂಗ ಕಳಕೊಂಡೆ," ಅನ್ನುತ್ತಿದ್ದಳು. ಹಾಗನ್ನಬೇಡ ಎಂದು ನೀಲಗಂಗಾ ಹೇಳುತ್ತಿದ್ದಳಾದರೂ, ಅವಳ ಮನಸ್ಸಿನ ಒಂದು ಮೂಲೆಯೂ ಸೋದರತ್ತಿಯ ಪ್ರಶ್ನೆಯನ್ನೇ ಕೇಳುತ್ತಿತ್ತು. ಅದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ನೀಲಗಂಗಾ ಊರಿನ ಸರಕಾರಿ ಪಾಲಿಟೆಕ್ನಿಕ್‌ನಲ್ಲಿ ಇನ್‌ಸ್ಟ್ರುಮೆಂಟೇಶನ್, ಅಂದರೆ ಅಳತೆಯ ಉಪಕರಣಗಳ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಳು. ಅರ್ಧ ದಿನ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಕೆಲಸ, ಅರ್ಧ ದಿನ ಪಾಠ. ದುಡಿಯುತ್ತ ಕಲಿಯಿರಿ ಎಂದು ಯೋಜನೆಗೆ ಚಂದದ ಹೆಸರಿತ್ತು. ಕ್ಲಾಸಿನಲ್ಲಿ ಹುಡುಗರು ಮಾಡುತ್ತಿದ್ದದ್ದು ಮಾತ್ರ ಕೂತಲ್ಲೇ ತೂಕಡಿಸುವುದು. ಪ್ರೊಸೆಸ್ ಕಂಟ್ರೋಲ್ ಕಲಿಸುತ್ತಿದ್ದ ಜಂಬಗಿ ಸರ್ ಅವರನ್ನು ಎಬ್ಬಿಸುತ್ತಿರಲಿಲ್ಲ. ನಿವೃತ್ತಿ ಹತ್ತಿರವಿದ್ದ ಅವರು ಬೋರ್ಡಿನ ಕಡೆ ಮುಖ ಮಾಡಿಕೊಂಡು, ಟ್ಯಾಂಕು, ವಾಲ್ವು, ಕಂಟ್ರೋಲರುಗಳ ಚಿತ್ರ ಬರೆದು ತಮ್ಮಷ್ಟಕ್ಕೆ ತಾವು ಪಾಠ ಹೇಳುತ್ತಿದ್ದರು.

"ಕಂಟ್ರೋಲರ್‌ಗೆ ಕಣ್ಣಿಲ್ಲ," ಅನ್ನುತ್ತಿದ್ದರು. "ಟ್ಯಾಂಕಿನಾಗ ನೀರೆಷ್ಟೈತಿ ಅದಕ್ಕೇನ್ ಗೊತ್ತು? ಮೀಟರ್ ಹೇಳಿದ್ದನ್ನ ನಂಬತೈತಿ. ಮೀಟರ್ ಅರ್ಧ ಐತಿ ಅಂದ್ರ, ಟ್ಯಾಂಕ್ ತುಂಬಿ ಹರಿದ್ರೂ ನೀರು ಬಿಡ್ತನ ಇರತೈತಿ. ಅದರದೇನೂ ತಪ್ಪಲ್ಲ."

ಕಾರ್ಖಾನೆಯ ಪಟ್ಟಿಗಳು ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಿದ್ದದ್ದೂ ಇದೇ ಕಾಲೇಜಿನ ಲ್ಯಾಬಿಗೆ. ಯಾವ ಮಾಪಕವನ್ನೇ ಆಗಲಿ ಎರಡು ಕಡೆ ಸರಿ ನೋಡಬೇಕು. ಏನೂ ಇಲ್ಲದಾಗ ಸೊನ್ನೆ ತೋರಿಸುತ್ತದೆಯೇ, ಪೂರ್ತಿ ಇದ್ದಾಗ ನೂರು ತೋರಿಸುತ್ತದೆಯೇ. ತಕ್ಕಡಿಯನ್ನು ಖಾಲಿ ಇಟ್ಟೂ ನೋಡುತ್ತೇವೆ, ಕಲ್ಲು ಇಟ್ಟೂ ನೋಡುತ್ತೇವೆ, ಹಾಗೆ. ಪಟ್ಟಿಯ ಸೊನ್ನೆಗೆ ದಣಿವಿಲ್ಲದ ಒಬ್ಬ ಮನುಷ್ಯ ಬೇಕು. ಅದಕ್ಕೆ ಕಾಲೇಜಿನಲ್ಲಿ ಒಂದು ರೂಢಿಯಿತ್ತು. ಕೊನೆಯ ವರ್ಷದ ಯಾರಾದರೂ ಒಬ್ಬರನ್ನು ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂರಿಸುವುದು, ಪಟ್ಟಿ ಕಟ್ಟುವುದು, ಅದು ತೋರಿಸುವ ಅಂಕಿಯನ್ನು ಸೊನ್ನೆಗೆ ತರುವುದು. ಇದಕ್ಕೆ 'ಸೊನ್ನೆಗೆ ಕೂಡೋದು' ಅನ್ನುತ್ತಿದ್ದರು. ನೂರರ ತಪಾಸಣೆಗೆ ಮಾತ್ರ ಯಾರೂ ಹೋಗುತ್ತಿರಲಿಲ್ಲ. ಕೂತ ಮನುಷ್ಯನಿಗೆ ತಾನಾಗಿ ನಿದ್ದೆ ಬಂದು ತಲೆ ವಾಲುವವರೆಗೆ ಕಾಯಬೇಕು ಎಂದು ಪಟ್ಟಿ ತಯಾರಿಸಿದವರು ಹೇಳಿದ್ದರು. ಅಷ್ಟು ಕಾಯುವ ತಾಳ್ಮೆ ಯಾರಿಗಿದೆ? ಸೊನ್ನೆ ಸರಿಯಿದ್ದ ಮೇಲೆ ನೂರೂ ಸರಿಯಿದ್ದೀತು ಎಂದು ಎಲ್ಲರೂ ಕೈ ತೊಳೆದುಕೊಳ್ಳುತ್ತಿದ್ದರು.

ಈ ವರ್ಷ ಸೊನ್ನೆಗೆ ಕೂರುವ ಸರದಿ ನೀಲಗಂಗಾಳದು. ಬೆಳಗಿನ ಪಾಳಿ ಮುಗಿಸಿ, ಬಸ್ಸಿನಲ್ಲಿ ನಿಂತೇ ಬಂದು ಕುರ್ಚಿಯಲ್ಲಿ ಕೂತಳು. ಸಹಪಾಠಿ ಇರ್ಫಾನ್ ಪಟ್ಟಿ ಕಟ್ಟಿ, ತಂತಿ ಸಿಕ್ಕಿಸಿ, ಪರದೆ ನೋಡಿದ.

"ಒಂಬತ್ತು ತೋರಸಾಕತ್ತೈತಿ. ಸೊನ್ನಿಗೆ ತರ್ತೀನಿ," ಎಂದು ಗುಂಡಿ ಒತ್ತಿದ. "ಆತು ನೋಡು. ಇನ್ನ ನೀನ ಸೊನ್ನಿ."

ನೀಲಗಂಗಾಳಿಗೆ ನಗು ಬರಲಿಲ್ಲ. ಫ್ಯಾನಿನ ಗಾಳಿಗೆ ಕಣ್ಣು ಮುಚ್ಚಿ ಮುಚ್ಚಿ ಹೋಗುತ್ತಿತ್ತು. ಕಾಲಿನ ಮೀನಖಂಡ ಸೆಟೆದಿತ್ತು. ಪರದೆಯ ಮೇಲೆ ಹಸಿರು ಬಣ್ಣದ ಸೊನ್ನೆ ಶಾಂತವಾಗಿ ಕೂತಿತ್ತು. ಇದು ದಣಿವಿಲ್ಲದವಳ ಮೈ ಎಂದಾದರೆ, ದಣಿದ ಮೈ ಇನ್ನು ಹೇಗಿರುತ್ತದೋ ಶಿವನೇ ಬಲ್ಲ ಎನಿಸಿತು.

"ಇರ್ಫಾನ್, ಹೋದ ವರ್ಷ ಕುಂತಾಗ ಎಷ್ಟು ತೋರಿಸಿತ್ತು?"

"ಹೋದ ವರ್ಷ ನಮ್ಮ ಅಣ್ಣ ಕುಂತಿದ್ದ. ಎಂಟೋ ಹತ್ತೋ ಇತ್ತು. ದಿನಾ ಬಳಸಿದ ಮ್ಯಾಲ ಅಷ್ಟು ಆಚೀಚೆ ಆಗೂದ."

"ಅದರ ಹಿಂದಿನ ವರ್ಷ?"

"ಅವಾಗೂ ಅಷ್ಟ ಇರಬೇಕು," ಎಂದವನು ಆಕಳಿಸಿದ.

ಅವಳು ನೆಟ್ಟಗಾಗಿ ಕೂತಳು. ಪಟ್ಟಿ ತಪ್ಪು ತೋರಿಸಿದ್ದಲ್ಲ. ಒಂಬತ್ತು ಎಂದರೆ, ಹೋದ ವರ್ಷ ಸೊನ್ನೆಗೆ ಕೂತವನಿಗಿಂತ ತಾನು ಒಂಬತ್ತರಷ್ಟು ಹೆಚ್ಚು ದಣಿದಿದ್ದೇನೆ ಎಂದು ಅದು ಸರಿಯಾಗಿಯೇ ಹೇಳಿತ್ತು. ಆ ಒಂಬತ್ತನ್ನು ಒರೆಸಿ, ಇದೇ ಆರಾಮ ಎಂದು ಅದಕ್ಕೆ ಕಲಿಸಿಕೊಟ್ಟಿದ್ದರು. ಅವನೂ ತನ್ನ ಹಿಂದಿನವನಿಗಿಂತ ಅಷ್ಟೇ ಹೆಚ್ಚು ದಣಿದಿದ್ದನಲ್ಲವೇ, ಆ ಹಿಂದಿನವನೂ? ಕಾರ್ಖಾನೆಯಲ್ಲಿ ದುಡಿದು ಸೋತವರೇ ಬಂದು ಸೊನ್ನೆಗೆ ಕೂರುತ್ತಿದ್ದರು. ಆ ಸೊನ್ನೆಯನ್ನು ನಂಬಿ ಬೆಲ್ಟು ಪೂರ್ತಿ ವೇಗದಿಂದ ಇಳಿಯದೆ ಓಡುತ್ತಿತ್ತು. ಮರುವರ್ಷ ಇನ್ನಷ್ಟು ಸೋತವರು ಬಂದು ಕೂರುತ್ತಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ, ಎಲ್ಲರೂ ರೂಢಿಯಂತೆ ನಡೆದಿದ್ದರು. ಅವಳಿಗೆ ಅವ್ವನ ಕಾಲಿನ ಮೇಲಿದ್ದ ಅಕ್ಕನ ತಲೆ ಕಣ್ಣಮುಂದೆ ಬಂತು. ಪಟ್ಟಿ ಬಿಚ್ಚಿ ಎದ್ದಳು.

ಜಂಬಗಿ ಸರ್ ಸ್ಟಾಫ್ ರೂಮಿನಲ್ಲಿ ಕನ್ನಡಕ ತೆಗೆದಿಟ್ಟು ಕಣ್ಣು ಒತ್ತಿಕೊಳ್ಳುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿದರು.

"ನಿಮಗ ಗೊತ್ತಿತ್ತೇನ್ರಿ ಸರ್?"

"ಗೊತ್ತಿರಲಿಲ್ಲವಾ," ಎಂದರು. "ಗೊತ್ತು ಮಾಡ್ಕೊಳ್ಳಾಕ ತ್ರಾಣನೂ ಇರಲಿಲ್ಲ." ಕನ್ನಡಕ ಹಾಕಿಕೊಂಡು ಅಂದರು: "ಆದ್ರ ಬಾಯಿಮಾತಿಗೆ ಸಹಿ ಮಾಡಾಕ ಬರೂದಿಲ್ಲ. ಊರಾಗ ದಣಿವಿಲ್ಲದಂಥಾ ಒಬ್ಬರನ್ನ ಹುಡುಕು. ಅವರನ್ನ ಸೊನ್ನೆಗೆ ಕುಂದ್ರಸೋಣು. ಎಷ್ಟು ತಪ್ಪೈತಿ ತಾನ ತಿಳೀತೈತಿ."

ಇದೇನು ಮಹಾ ಎಂದುಕೊಂಡು ನೀಲಗಂಗಾ ತನ್ನನ್ನು ಸೊನ್ನೆಯಾಗಿಟ್ಟಿದ್ದ ಪಟ್ಟಿಯನ್ನೇ ಹಿಡಿದು ಹೊರಟಳು. ತನಗಿಂತ ಆರಾಮಾಗಿರುವವರಿಗೆ ಅದು ಮೈನಸ್ ತೋರಿಸಬೇಕು. ನಿವೃತ್ತ ಹೆಡ್‌ಮಾಸ್ತರರಿಗೆ ಮೈನಸ್ ಹನ್ನೆರಡು ಬಂತು. ಖುಷಿಯಿಂದ ವಿಚಾರಿಸಿದರೆ ಕಾರ್ಖಾನೆಯ ಗಿರಣಿ ಸದ್ದಿಗೆ ವರ್ಷಗಟ್ಟಲೆ ಕಣ್ಣಿಗೆ ನಿದ್ದೆ ಹತ್ತಿಲ್ಲ ಎಂದರು. ಹೊಳೆ ಕಡೆಯ ಗುಡಿಯಲ್ಲಿ ಹೂವು ಪತ್ರಿ ಏರಿಸುವ ದೊಡ್ಡಪ್ಪನಿಗೆ ಮೈನಸ್ ಇಪ್ಪತ್ತು. ಮ್ಯಾನೇಜರರ ಹೆಂಡತಿಗೆ ಮಾತ್ರ ನೀಲಗಂಗಾಳಿಗಿಂತಲೂ ಹೆಚ್ಚು ಬಂದು, ಆಕೆ ಸಿಟ್ಟು ಮಾಡಿಕೊಂಡು ಚಹಾ ಕೂಡ ಕೊಡದೆ ಕಳಿಸಿದರು. ಕೊನೆಗೆ ಉಳಿದವನು ಹುಟ್ಟಿದಾಗಿನಿಂದ ಒಂದು ಕಡ್ಡಿ ಎತ್ತಿಡದ, ದಿನವಿಡೀ ಮೋರಿಯ ಕಟ್ಟೆಯ ಮೇಲೆ ಕೂರುವ ಗೌಡರ ಸಿದ್ಲಿಂಗ. ಅವನಿಗೆ ಮೈನಸ್ ಮೂವತ್ತೊಂದು. ಊರಿನಲ್ಲಿ ಅವನೇ ಮೊದಲಿಗ. ಆದರೆ ಸಿದ್ಲಿಂಗನೇ ಸೊನ್ನೆಯೋ, ಅವನ ಕೆಳಗೂ ಇನ್ನಷ್ಟು ಆರಾಮವಿದೆಯೋ? ಬೇರೆ ಊರಲ್ಲಿ ಅವನಿಗಿಂತ ಆರಾಮಾಗಿ ಉಸಿರಾಡುವವರು ಇದ್ದಾರೋ ಏನೋ. ದಣಿವಿಲ್ಲದ ಮನುಷ್ಯ ಹೇಗಿರುತ್ತಾನೆ ಎಂದು ಊರಿನಲ್ಲಿ ಯಾರಿಗೂ ನೆನಪಿರಲಿಲ್ಲ.

ಸೋತು ಬಂದು ಲ್ಯಾಬಿನ ಸ್ಟೂಲಿನ ಮೇಲೆ ಕೂತವಳಿಗೆ ಥರ್ಮಾಮೀಟರ್ ತಪಾಸಣೆಯ ಪಾತ್ರೆ ಕಣ್ಣಿಗೆ ಬಿತ್ತು. ಮೊದಲ ವರ್ಷದ ಹುಡುಗಿಯರು ಅದರಲ್ಲಿ ನೀರು ಕಾಯಿಸುತ್ತಿದ್ದರು. ನೀರು ಕುದಿಯುವುದಕ್ಕೆ ಯಾರ ಒಪ್ಪಿಗೆಯೂ ಬೇಡ. ಅದರ ಹದ ಬಂದಾಗ ಅದು ಕುದಿಯುತ್ತದೆ, ಥರ್ಮಾಮೀಟರ್ ಏನೇ ಹೇಳಲಿ. ನಿದ್ದೆಯೂ ಹಾಗೇ ಅಲ್ಲವೇ? ತಲೆ ವಾಲುವ ಗಳಿಗೆಯೇ ನೂರು. ಸೊನ್ನೆಯವರು ಸಿಗದಿದ್ದರೆ ಬೇಡ. ನೂರರವರು ಮನೆಮನೆಗೂ ಇದ್ದಾರೆ.

"ಸರ್, ಮ್ಯಾಲಿನಿಂದ ಅಳೆಯೋಣ್ರಿ," ಎಂದಳು. ಜಂಬಗಿ ಸರ್ ಅವಳನ್ನು ನೋಡಿದರು. ಎಷ್ಟೋ ವರ್ಷಗಳ ಮೇಲೆ ಒಬ್ಬ ವಿದ್ಯಾರ್ಥಿಯ ಮಾತಿಗೆ ಕುರ್ಚಿಯಿಂದ ಎದ್ದು ನಿಂತರು.

ಮರುದಿನ ಪಾಳಿ ಮುಗಿಸಿ ಗೇಟಿನಿಂದ ಹೊರಬಂದ ಅಕ್ಕನನ್ನು ನೀಲಗಂಗಾ ನೇರ ಕಾಲೇಜಿಗೆ ಕರೆತಂದಳು. ಒಂದು ಪ್ರಯೋಗ ಇದೆ, ಕೂತರೆ ಸಾಕು ಎಂದಷ್ಟೇ ಹೇಳಿದ್ದಳು. ಮಹಾನಂದಾಳ ಹುಬ್ಬಿನ ಕೂದಲಲ್ಲೂ ಸಿಮೆಂಟಿನ ಧೂಳಿತ್ತು. ಲ್ಯಾಬಿನ ಕುರ್ಚಿ ಹೊಲಸಾದೀತೆಂದು ಸೆರಗಿನಿಂದ ಸೀರೆ ಕೊಡವಿಕೊಂಡು, ಅಂಚಿನಲ್ಲಿ ಕೂತಳು. ಕೈಯಲ್ಲಿದ್ದದ್ದು ಅವಳು ದಿನವೂ ಕಟ್ಟುವ ಪಟ್ಟಿಯೇ. ಈ ವರ್ಷ ಅದನ್ನಿನ್ನೂ ಯಾರೂ ಸೊನ್ನೆಗೆ ತಂದಿರಲಿಲ್ಲ.

"ಏನ್ ಮಾಡಬೇಕ್ರಿ ಸರ್ ನಾ?"

"ಏನೂ ಮಾಡಬ್ಯಾಡವಾ. ಕಣ್ಣು ತಕ್ಕೊಂಡು ಸುಮ್ಮನ ಕುಂದ್ರು. ಏನರ ಮಾತಾಡು ಬೇಕಾದ್ರ."

"ನಂಗೇನ ನಿದ್ದಿ ಬರೂದಿಲ್ಲ ಬಿಡ್ರಿ. ಹಸರ ಅದೀನಿ," ಎಂದು ಮಣಿಕಟ್ಟು ತೋರಿಸಿದಳು. "ನಮ್ಮ ನೀಲಾ ಚಲೋ ಓದ್ತಾಳೇನ್ರಿ? ಆಕಿಗೆ ಸಣ್ಣಾಕಿ ಇದ್ದಾಗಿಂದ ರೇಡಿಯೊ ಬಿಚ್ಚೂದಂದ್ರ ಭಾಳ ಪ್ರೀತಿ. ಅವ್ವ ಬೈತಿದ್ಲು, ನಾನ..." ನಾನೇ ಬಿಡಿಸುತ್ತಿದ್ದೆ ಎಂದು ಹೇಳಲು ಹೊರಟಿದ್ದಳೋ ಏನೋ. ಮಾತು ಅಲ್ಲೇ ನಿಂತಿತು. ಗದ್ದ ಎದೆಗೆ ತಾಗಿತು. ಟ್ಯೂಬ್‌ಲೈಟು ಮುಖದ ಮೇಲೆ ಉರಿಯುತ್ತಿದ್ದಂತೆ, ಪರರ ಮುಂದೆ, ಬಾಯಿ ಅರ್ಧ ತೆರೆದುಕೊಂಡು ಮಹಾನಂದಾ ನಿದ್ದೆ ಹೋದಳು.

ನೂರು ಇರಬೇಕಾದ ಕಡೆ ಪಟ್ಟಿಯಲ್ಲಿ ನಲವತ್ತಾರು ಇತ್ತು. ಹಸಿರು.

ಇರ್ಫಾನ್ ತನ್ನ ಮಣಿಕಟ್ಟನ್ನು ಮೆಲ್ಲಗೆ ಅಂಗಿತೋಳಿನೊಳಗೆ ಎಳೆದುಕೊಂಡ. ಜಂಬಗಿ ಸರ್ ಹೋಗಿ, ಪಿರಿಯಡ್ ಬೆಲ್ ಹೊಡೆಯಬೇಡ ಎಂದು ಜವಾನನಿಗೆ ಹೇಳಿ ಬಂದರು. ಆ ವಾರದಲ್ಲಿ ಇನ್ನೂ ಕೆಲವರನ್ನು ಕರೆಸಿ ಕೂರಿಸಿದರು. ಯಾರೂ ಐವತ್ತರ ಆಚೆಗೆ ಎಚ್ಚರವಿರಲಿಲ್ಲ. ಅಂದರೆ ಜನ ಕೆಂಪಿಗೆ ಹೋಗುವ ಮೊದಲೇ ನಿದ್ದೆಗೆ ಬಿದ್ದು ಬಿಡುತ್ತಿದ್ದರು. ಕೆಂಪು ಅನ್ನುವುದು ಈ ಊರಿನ ಮನುಷ್ಯರಿಗೆ ಎಟುಕುವ ಎತ್ತರದಲ್ಲೇ ಇರಲಿಲ್ಲ.

ಇದನ್ನೆಲ್ಲ ಕೂಡಲೇ ಅಕ್ಕನಿಗೆ ಹೇಳಿಬಿಡೋಣ ಎಂದು ನೀಲಗಂಗಾಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅಕ್ಕನನ್ನು ಅವಳು ಬಲ್ಲಳು. ತಂಗಿ ಸಮಾಧಾನಕ್ಕೆ ಅಂದಳು ಎಂದು ತಲೆ ಸವರಿ ಸುಮ್ಮನಾಗುತ್ತಾಳೆ. ಅವಳಿಗೆ ತಪ್ಪು ಹೊರಿಸಿದ್ದು ಪಟ್ಟಿ, ಅದನ್ನು ಇಳಿಸಬೇಕಾದದ್ದೂ ಪಟ್ಟಿಯೇ. ಅದಕ್ಕೆ ಸರಿಪಡಿಸಿದ ಪಟ್ಟಿ ಅವಳ ಕೈಗೆ ಬರಬೇಕು, ಬರಬೇಕಾದರೆ ಸರ್ ಸಹಿ ಹಾಕಬೇಕು.

"ಕಾರ್ಖಾನೆಯವರು ಸುಮ್ಮನ ಬಿಡೂದಿಲ್ಲವಾ," ಎಂದರು ಜಂಬಗಿ ಸರ್, ಪೆನ್ನು ತೆರೆದಿಟ್ಟುಕೊಂಡು. "ಮುಂದಿನ ವರ್ಷದಿಂದ ಪಟ್ಟಿ ಬ್ಯಾರೆ ಕಡೆ ಕಳಸ್ತಾರ. ಅಪ್ರೆಂಟಿಸ್ ನಿಲ್ಲಸ್ತಾರ. ನನಗೂ ಕಾಗದ ಬರ್ತಾವು, ಉತ್ತರ ಬರೀಬೇಕು." ಕಿಟಕಿಯಾಚೆ ಚಿಮಣಿಯ ಬಿಳಿ ಹೊಗೆಯನ್ನು ಸ್ವಲ್ಪ ಹೊತ್ತು ನೋಡಿದರು. "ಸಹಿ ಮಾಡದಿದ್ರೂ ನಿದ್ದಿ ಬರೂದಿಲ್ಲ, ಮಾಡಿದ್ರೂ ಬರೂದಿಲ್ಲ. ಮಾಡೇ ಬಿಡ್ತೀನಿ." ತಲೆ ವಾಲುವ ಗಳಿಗೆಗೆ ನೂರು ತೋರಿಸುವಂತೆ ಹೊಂದಿಸಿದ ಪಟ್ಟಿಗಳ ಪೆಟ್ಟಿಗೆಗೆ ಮೊಹರು ಬಿತ್ತು.

ಕಾರ್ಖಾನೆಯಲ್ಲಿ ಆ ಮೊಹರನ್ನು ಯಾರೂ ತಿರುಗಿಸಿ ನೋಡಲಿಲ್ಲ. ಪ್ರತಿವರ್ಷ ಬರುವಂಥದೇ ಎಂದುಕೊಂಡು ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಪಟ್ಟಿ ಹಂಚಿದರು. ನೀಲಗಂಗಾ ಕಂಟ್ರೋಲ್ ರೂಮಿನಲ್ಲಿ ತನ್ನ ಅಪ್ರೆಂಟಿಸ್ ಕುರ್ಚಿಯಲ್ಲಿ ಕೂತಿದ್ದಳು. ಎದುರಿನ ಪರದೆಯಲ್ಲಿ ಪ್ಯಾಕಿಂಗ್ ವಿಭಾಗ ಕಾಣುತ್ತಿತ್ತು. ಪಾಳಿಯ ಎಂಜಿನಿಯರ್ ಹಳ್ಳೂರ ಎಂದಿನಂತೆ ಬೆಲ್ಟಿಗೆ ಚಾಲೂ ಕೊಟ್ಟರು. ಬೆಲ್ಟು ಒಮ್ಮೆ ಅಲುಗಿ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತೇ ಹೋಯಿತು. ಸರಾಸರಿ ದಣಿವು ಎಂಬತ್ತೆಂಟು. ಕೆಲಸ ಇನ್ನೂ ಶುರುವಾಗಿರಲಿಲ್ಲ.

"ಏನಾತೋ ಇದಕ್ಕ," ಎಂದು ಹಳ್ಳೂರ ತಂತಿ, ಕಾರ್ಡು ಎಲ್ಲ ತಡವಿ ನೋಡಿದರು. ಎಲ್ಲವೂ ಸರಿಯಾಗಿತ್ತು. ಅಷ್ಟರಲ್ಲಿ ಮ್ಯಾನೇಜರರ ಫೋನು ಬಂತು. ಕಂಟ್ರೋಲರ್ ಕೆಟ್ಟಿದ್ದರೆ ಬದಿಗಿಟ್ಟು, ಮ್ಯಾನುಯಲ್‌ಗೆ ಹಾಕಿ ಬೆಲ್ಟು ಓಡಿಸಿ ಎಂದರು. ಮ್ಯಾನುಯಲ್ ಎಂದರೆ ವೇಗವನ್ನು ಮನುಷ್ಯನೇ ಗೊತ್ತುಮಾಡುವುದು. ಅದಕ್ಕೆ ಪರದೆ ಮೊದಲು ಗೊತ್ತುಮಾಡುವವರ ಹೆಸರು ಕೇಳುತ್ತದೆ. ಪಟ್ಟಿ ಬಂದಾಗಿನಿಂದ ಅಲ್ಲಿ ಯಾರೂ ಹೆಸರು ಬರೆದಿರಲಿಲ್ಲ, ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಹಳ್ಳೂರ ಖಾಲಿ ಜಾಗದಲ್ಲಿ ಮಿಣುಕುತ್ತಿದ್ದ ಗೆರೆಯನ್ನು ನೋಡಿದರು. ನೀಲಗಂಗಾಳ ಕಡೆ ನೋಡಿದರು. ಅವಳು ಎರಡೂ ಕೈಗಳನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅವರು ತಮ್ಮ ಮಣಿಕಟ್ಟು ನೋಡಿಕೊಂಡರು, ಅದೂ ಕೆಂಪಾಗಿತ್ತು.

"ಹಾಕೋಣ್ರಿ ಸಾಹೇಬ್ರ," ಎಂದು ಫೋನಿನಲ್ಲಿ ಹೇಳಿ ಇಟ್ಟರು. "ಒಂದು ಚಾ ಕುಡದು ಹಾಕೋಣು," ಎಂದು ಯಾರಿಗೂ ಅಲ್ಲದಂತೆ ಅಂದು, ಕುರ್ಚಿಗೆ ಬೆನ್ನು ಕೊಟ್ಟರು.

ಆಗ ವಿಭಾಗಗಳ ನಡುವಿನ ಒಳಫೋನು ರಿಂಗಾಯಿತು, ನೀಲಗಂಗಾ ಎತ್ತಿದಳು. ಪ್ಯಾಕಿಂಗ್ ವಿಭಾಗದ ಗೋಡೆಯ ಫೋನಿನ ಬಳಿ ಅಕ್ಕ ನಿಂತಿರುವುದು ಪರದೆಯಲ್ಲಿ ಕಾಣುತ್ತಿತ್ತು.

"ನೀಲಾ, ಇಲ್ಲಿ ಎಲ್ಲಾರ ಪಟ್ಟಿ ಕೆಂಪಾಗ್ಯಾವು. ನಂದರಾಗ ತೊಂಬತ್ತೊಂದು ಐತಿ. ಕೆಟ್ಟಾವೇನು?"

"ಇಲ್ಲಕ್ಕ. ಮೊದಲ ಕೆಟ್ಟಿದ್ವು. ಈಗ ಸರಿ ಆಗ್ಯಾವು."

"ಮೊದಲ ಅಂದ್ರ ಯಾವಾಗ?"

"ಭಾಳ ವರ್ಷದಿಂದ. ಅವತ್ತ ನೀ ಕಾಲೇಜಿನಾಗ ಕುಂತಲ್ಲೇ ಮಲಗಿದ್ಯಲ್ಲ, ಅವಾಗ ನೂರು ಇರಬೇಕಾಗಿತ್ತು. ಐವತ್ತೂ ತೋರಿಸಲಿಲ್ಲ."

ಬೆಲ್ಟಿನ ಸದ್ದು ಇರಲಿಲ್ಲವಾದ್ದರಿಂದ ಅಕ್ಕನ ಉಸಿರು ಕೇಳುತ್ತಿತ್ತು. ಹಿಂದೆ ಯಾರೋ ಹೆಂಗಸರು ತಗ್ಗಿದ ದನಿಯಲ್ಲಿ ಒಬ್ಬರಿಗೊಬ್ಬರು ಅಂಕಿ ಹೇಳಿಕೊಳ್ಳುತ್ತಿದ್ದರು.

"ಅವ್ವ ಹೋದಾಗೂ ಕೆಟ್ಟಿತ್ತೇನು?"

"ಹೂನಕ್ಕ. ಅವ್ವ ಹೋದಾಗೂ ಕೆಟ್ಟಿತ್ತು."

"ಖರೇನ ಹೇಳಾಕತ್ತೀ?"

"ನಾ ಹೇಳಾಕತ್ತಿಲ್ಲಕ್ಕ. ನಿನ್ನ ಕೈ ನೋಡ್ಕೋ."

ಪರದೆಯಲ್ಲಿ ಮಹಾನಂದಾ ಮಣಿಕಟ್ಟನ್ನು ಮುಖದ ಹತ್ತಿರ ತಂದಳು. ನೋಡಿದಳು. ಗೋಡೆಗೆ ಬೆನ್ನು ಹಚ್ಚಿ ಮೆಲ್ಲಗೆ ಜಾರಿ ಖಾಲಿ ಚೀಲಗಳ ರಾಶಿಯ ಮೇಲೆ ಕೂತಳು. ಫೋನು ಕಿವಿಗೇ ಇತ್ತು. ಆಮೇಲೆ ಅವಳು ಅಳುವುದು ಕೇಳಿಸಿತು. ಹೆಣ ಎತ್ತಿದಾಗಲೂ, ಹೊಳೆದಂಡೆಯಿಂದ ಬಂದ ಮೇಲೂ ಅವಳು ಅತ್ತಿರಲಿಲ್ಲ. ಅವ್ವನಿಗಾಗಿ ಅಳುವುದಕ್ಕೆ ತನಗೆ ಮುಖವಿಲ್ಲ ಎಂದುಕೊಂಡಿದ್ದಳು. ಈಗ ಹಾಡುಹಗಲಲ್ಲಿ, ಪಾಳಿಯ ಜನರೆಲ್ಲರ ಎದುರಿಗೆ, ಅವ್ವಾ ಅವ್ವಾ ಎಂದು ಬಾಯಿ ಬಿಟ್ಟು ಅತ್ತಳು. ಯಾರೂ ಅವಳನ್ನು ಸುಮ್ಮನಿರಿಸಲು ಹೋಗಲಿಲ್ಲ, ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ಕೂತರು.

ನೀಲಗಂಗಾ ಫೋನು ಹಿಡಿದುಕೊಂಡೇ ಕೇಳಿದಳು. ಹಳ್ಳೂರರ ಚಹಾ ಮುಗಿದಿತ್ತು. ಅವರು ಪರದೆಯ ಕಡೆ ನೋಡಿ, ಇನ್ನೊಂದು ತರಲು ಹೇಳಿದರು.